ರುಚಿ ನೋಡಿದ್ದು ಊಟವಲ್ಲ

ಅಕ್ಟೋಬರ್ 18, ಬೆಳಗ್ಗೆ

ಅಂಟಕ್ಕಿ ನೆನೆಹಾಕಿದೆ. ಹಂದಿ ತೊಡೆ ನಿನ್ನೆಯೇ ಬೇಯಿಸಿದ್ದು, ಮೇಲೆ ಕೊಬ್ಬು ಬೆಳ್ಳಗೆ ಕಟ್ಟಿಕೊಂಡಿದೆ. ಲೊವಾನ್ ಶುಂಠಿ ಹೆಚ್ಚುತ್ತಿದ್ದಾಳೆ — ದಪ್ಪ ದಪ್ಪ. ಈ ಸೊಸೆ ವಿಯೆಟ್ನಾಮಿನಿಂದ ಬಂದು ಎಷ್ಟೋ ವರ್ಷವಾಯಿತು, ಕೈ ಮಾತ್ರ ಇನ್ನೂ ಅಲ್ಲೇ ಇದೆ. ಹೇಳಿದರೆ "ಹೂಂ ಅತ್ತೆ" ಅನ್ನುತ್ತಾಳೆ. ಮತ್ತೆ ಅದೇ ದಪ್ಪ.

ಸಂಜೆ ಪಕ್ಕದೂರು ಚೀಶಾನ್‌ನಲ್ಲಿ ಗೃಹಪ್ರವೇಶದ ಊಟ. ರಸ್ತೆಗೇ ಡೇರೆ ಹಾಕಿ ಮೂವತ್ತು ಮೇಜು. ಮಗ ಆ-ಕಾಯ್ ಲಾರಿಗೆ ಒಲೆ, ಸಿಲಿಂಡರು ಹೇರುತ್ತಿದ್ದಾನೆ. ಮೀನು ಇನ್ನೂ ಬಂದಿಲ್ಲ. ಮೀನಿನವನು ಫೋನ್ ಎತ್ತುತ್ತಿಲ್ಲ. ನಾನೇ ಸ್ಕೂಟರ್‌ನಲ್ಲಿ ಹೋಗಬೇಕು, ಇನ್ಯಾರನ್ನು ನಂಬಲಿ.

ಮಧ್ಯಾಹ್ನ

ಬಿದ್ದೆ. ನಾಯಿ ಅಡ್ಡ ಬಂತು, ಬ್ರೇಕ್ ಹಿಡಿದೆ. ಹ್ಯಾಂಡಲ್‌ನ ತುದಿ ಎದೆಗೂಡಿನ ಕೆಳಗೆ ಸರಿಯಾಗಿ ಗುದ್ದಿತು. ಸ್ವಲ್ಪ ಹೊತ್ತು ಉಸಿರೇ ಇಲ್ಲ. ಆಮೇಲೆ ಬಂತು. ಹೊಟ್ಟೆಯ ಮೇಲೆ ನಾಣ್ಯದಗಲ ನೀಲಿ ಕಲೆ, ಅಷ್ಟೇ. ರಕ್ತ ಗಿಕ್ತ ಏನಿಲ್ಲ.

ಮೀನಿಗೆ ಏನೂ ಆಗಿಲ್ಲ.

ಅಕ್ಟೋಬರ್ 19

ನಿನ್ನೆಯ ಊಟ ಮುಗಿಯಿತು. ಯಾರೂ ದೂರು ಹೇಳಲಿಲ್ಲ.

ಅಪ್ಪ ಒಲೆ ಹೂಡಿದ ಕಾಲದಿಂದ ನಮ್ಮಲ್ಲಿ ಒಂದೇ ಕಟ್ಟಳೆ — ಮುಖ್ಯ ಅಡುಗೆಯವರ ನಾಲಿಗೆ ದಾಟದೆ ಒಂದು ತಟ್ಟೆಯೂ ಮೇಜಿಗೆ ಹೋಗಕೂಡದು. ಹೊಟ್ಟೆನೋವೆಂದು ಮನೆಗೆ ಹೋಗಿದ್ದರೆ ರುಚಿ ನೋಡುವವರು ಯಾರು? ಲೊವಾನಳಾ? ಅವಳ ಕೈಗೆ ಬಿಟ್ಟರೆ ಹುಟ್ಟಿದೂರು ನೆನಪಾಗಿ ಎಲ್ಲದಕ್ಕೂ ನಿಂಬೆ, ಸಕ್ಕರೆ.

ಸೌಟು ಹಿಡಿದು ನಿಂತೆ. ನೋವು ಬೆನ್ನಿಗೆ ಇಳಿಯಿತು. ಮೀನಿನ ಹೊತ್ತಿಗೆ ವಾಂತಿ. ಡೇರೆಯ ಹಿಂದೆ, ಬಾಳೆಗಿಡದ ಬುಡಕ್ಕೆ. ಬಾಯಿ ಮುಕ್ಕಳಿಸಿ ಬಂದು ಮುಂದಿನ ಪಾತ್ರೆಗೆ ಸೌಟು ಹಾಕಿದೆ.

ಇವತ್ತು ಮುಂದಕ್ಕೆ ಬಗ್ಗಿ ಕೂತರೆ ಮಾತ್ರ ಕೊಂಚ ಹಿತ. ಮಲಗಿದರೆ ಜೀವ ಹೋಗುತ್ತದೆ. ಮೈ ಬಿಸಿ. ನನ್ನ ಗಂಡ ಶುಯ್-ಮೂ ಬೆಳಗ್ಗಿನಿಂದ ಒಂದೇ ರಾಗ.

"ಆಸ್ಪತ್ರೆಗೆ ಹೋಗೋಣ ಬಾರೇ."

"ಗ್ಯಾಸು ರೀ. ಇಳಿಯುತ್ತೆ."

"ಗ್ಯಾಸಿಗೆ ಮುಖ ಹಿಂಗೆ ಬೂದಿ ಬಣ್ಣ ಆಗುತ್ತೇನೇ? ಏಳು, ನಿನ್ನ ಹಠಕ್ಕೆ ಬೆಂಕಿ ಬೀಳ."

ಬರೆಯಲು ಆಗುತ್ತಿಲ್ಲ. ಹೋಗುತ್ತೇನೆ.

ಅಕ್ಟೋಬರ್ 21, ಕಾವ್‌ಶ್ಯುಂಗ್ ನಗರ, ಆಸ್ಪತ್ರೆ

ಇನ್ನೊಂದು ಗಂಟೆಗೆ ಆಪರೇಷನ್. ಶುಯ್-ಮೂಗೆ ಹೇಳಿ ಈ ಪುಸ್ತಕ ತರಿಸಿಕೊಂಡೆ.

ಡಾಕ್ಟರ್ ಫಾನ್ ಅಂತ. ನನ್ನ ಮಗನ ವಯಸ್ಸು. ಕಾಗದದ ಮೇಲೆ ಗೆಣಸಿನ ಹಾಗೆ ಏನೋ ಬರೆದ.

"ಇದು ಮೇದೋಜೀರಕ ಗ್ರಂಥಿ ಅಮ್ಮಾ. ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುತ್ತೆ. ಹ್ಯಾಂಡಲ್ ಹೊಡೆತಕ್ಕೆ ಮೂಳೆಗೆ ಒತ್ತಿ ನಡುವಿಗೇ ಹರಿದಿದೆ."

"ಹಂದಿಯದು ನೋಡಿದ್ದೀನಿ ಡಾಕ್ಟ್ರೇ. ಉದ್ದಕ್ಕೆ, ಚಪ್ಪಟೆಯಾಗಿ. ಮೇಜಿಗೆ ಹಾಕಲ್ಲ, ಅಡುಗೆಯವರೇ ತಿಂದುಬಿಡ್ತೀವಿ."

"ಅದೇ. ಊಟ ಅರಗಿಸೋ ರಸ ಅದರಲ್ಲೇ ಹುಟ್ಟೋದು. ಆ ರಸ ಈಗ ಹೊರಗೆ ಸೋರಿ ನಿಮ್ಮ ಹೊಟ್ಟೆಯ ಒಳಗನ್ನೇ ಅರಗಿಸ್ತಿದೆ."

ನನ್ನನ್ನು ನಾನೇ ಬೇಯಿಸಿಕೊಳ್ಳುತ್ತಿದ್ದೇನೆ.

ದಾರಿಗಳು ಹೇಳಿದ. ಆ ರಸ ಹರಿಯುವ ನಾಳಕ್ಕೆ ಸಣ್ಣ ಗಾಯವಾಗಿದ್ದರೆ ಕೊಯ್ಯದೆ, ಬಾಯಿಯ ಮೂಲಕ ಕೊಳವೆ ಇಳಿಸಿ ಒಳಗೊಂದು ಸಣ್ಣ ನಳಿಕೆ ಕೂರಿಸಿ, ಸೋರಿದ್ದನ್ನು ಹೊರಗೆ ಹರಿಸಿ ಕಾಯುವುದು. ಅದನ್ನು ನಿನ್ನೆಯೇ ಮಾಡಿ ನೋಡಿದರು, ಆಗಲಿಲ್ಲ. ನಾಳ ಪೂರ್ತಿ ತುಂಡಾಗಿದೆಯಂತೆ, ಆ ಕಡೆ ದಾಟಲು ದಾರಿಯೇ ಇಲ್ಲ. ಇನ್ನು ಕೊಯ್ಯಲೇಬೇಕು. ಎಡಗಡೆಯ ತುಂಡನ್ನು ಕರುಳಿಗೆ ಹೊಲಿದು ಉಳಿಸಬಹುದು, ಇಲ್ಲವೇ ತೆಗೆದೇಬಿಡಬಹುದು.

"ಉಳಿಸಿ ಮತ್ತೆ" ಅಂದೆ.

"ಎಲ್ಲ ಊದಿ ಮೆತ್ತಗಾಗಿದೆ ಅಮ್ಮಾ. ಹೊಲಿಗೆ ಹಿಡಿಯಲ್ಲ. ಬಿದ್ದ ದಿನವೇ ಬಂದಿದ್ರೆ ಮಾತು ಬೇರೆ ಇರ್ತಿತ್ತು."

ಶುಯ್-ಮೂ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಅದರ ಎಡತುದಿಯ ಬಾಲಕ್ಕೆ ಅಂಟಿಕೊಂಡ, ಸೋಂಕು ತಡೆಯುವ ಗುಲ್ಮವನ್ನು ಉಳಿಸಲು ನೋಡುತ್ತಾರಂತೆ, ಮಾತು ಕೊಡುವುದಿಲ್ಲವಂತೆ. ಬಲಗಡೆಯ ತಲೆಭಾಗ ಒಡೆದಿದ್ದರೆ ಜಠರದ ತುದಿ, ಕರುಳು, ಪಿತ್ತನಾಳ ಎಲ್ಲ ಸೇರಿಸಿ ತೆಗೆಯಬೇಕಿತ್ತು, ಅದು ತಪ್ಪಿತು ಅಂತ ಸಮಾಧಾನ ಹೇಳಿದ.

"ಒಲೆ ಮುಂದೆ ಯಾವಾಗ ನಿಲ್ಲಬಹುದು?"

"ಮೊದಲು ಬದುಕೋಣ."

ಎಳೆ ಹುಡುಗ, ಮಾತು ನೋಡು. ಆದರೆ ಹೆದರಿಕೆಯಾಗುತ್ತಿದೆ. ಬಹಳ.

ನವೆಂಬರ್ 6

ಬದುಕಿದ್ದೇನೆ.

ಗುಲ್ಮ ಹೋಯಿತು. ಅದರ ರಕ್ತನಾಳ ಹರಿದು ನಿಲ್ಲಲೇ ಇಲ್ಲವಂತೆ. ಇನ್ನು ಮೇಲೆ ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು, ಲಸಿಕೆಗಳನ್ನು ಹಾಕಿಸಿಕೊಳ್ಳಬೇಕು. ಐಸಿಯುನ ದಿನಗಳು ನೆನಪಿಲ್ಲ. ಒಳ್ಳೆಯದೇ.

ಹೊಟ್ಟೆಯಿಂದ ಎರಡು ಡ್ರೈನ್ ಟ್ಯೂಬ್ ಹೊರಗೆ ಬಂದಿವೆ. ಕೊಯ್ದ ಅಂಚು ಇನ್ನೂ ರಸ ಸೋರುತ್ತಿದೆ. ತಾನಾಗಿ ಮುಚ್ಚಿಕೊಳ್ಳುವ ತನಕ ಕಾಯಬೇಕು. ಬಾಯಿಗೆ ಏನೂ ಇಲ್ಲ. ಮೂಗಿನಿಂದ ಕರುಳಿನ ತನಕ ಒಂದು ನಳಿಕೆ, ಅದರಲ್ಲಿ ಬೆಳ್ಳಗಿನ ನೀರು. ಇದೇ ನನ್ನ ಊಟ. ಎಷ್ಟು ಮದುವೆಗೆ ಉಣಬಡಿಸಿದ ಕೈ ನನ್ನದು, ನನಗೆ ಸಿಕ್ಕಿದ್ದು ಇದು.

ಪಕ್ಕದ ಹಾಸಿಗೆಯವಳಿಗೆ ಮನೆಯವರು ಮೀನಿನ ಸಾರು ತಂದಿದ್ದರು. ಗಾಯ ಬೇಗ ಕೂಡುತ್ತದೆಂದು. ವಾಸನೆಯಲ್ಲೇ ಗೊತ್ತಾಯಿತು, ಮೀನು ನಿನ್ನೆಯದು.

ನವೆಂಬರ್ 9

ಶುಯ್-ಮೂ ಕೋಳಿ ಸಾರು ತಂದ. ಎಳ್ಳೆಣ್ಣೆ, ಶುಂಠಿ, ಅಕ್ಕಿ ಸಾರಾಯಿ — ಬಾಣಂತಿಗೆ ಕೊಡುವಂಥದ್ದು. ಫ್ಲಾಸ್ಕನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬಂದಿದ್ದ, ಕಳ್ಳ.

"ಆ ಬಿಳಿ ನೀರಲ್ಲಿ ಏನ್ ಶಕ್ತಿ ಬರುತ್ತೆ ಹೇಳು. ಎರಡು ಗುಟುಕು ಕುಡಿ. ನರ್ಸ್ ಆ ಕಡೆ ಹೋಗಿದ್ದಾಳೆ."

"ತಿನ್ನಬಾರದು ಅಂದಿದ್ದಾರಲ್ರೀ."

"ತಿನ್ನಬೇಡ್ವೇ ಮಾರಾಯ್ತಿ. ಬರೀ ರುಚಿ ನೋಡು."

ರುಚಿ ನೋಡಿದೆ. ಶುಂಠಿ ಕರಕಲು, ಸಾರಾಯಿಯ ಘಾಟು ಪೂರ್ತಿ ಹೋಗಿರಲಿಲ್ಲ. ಖಾತ್ರಿಗೆ ಇನ್ನೊಂದು ಚಮಚ. ಬೈದು ಕಳಿಸಿದೆ. ಹೊಟ್ಟೆಯ ಆಳಕ್ಕೆ ಬೆಚ್ಚಗಾಯಿತು ನಿಜ.

ನವೆಂಬರ್ 10

ಡ್ರೈನ್ ಚೀಲ ತುಂಬಿಹೋಗಿದೆ. ಮೊನ್ನೆ ತನಕ ಕಮ್ಮಿಯಾಗುತ್ತಿತ್ತು. ನೋವೂ ಬಂದಿದೆ. ಫಾನ್ ಮುಖ ಗಂಟಿಕ್ಕಿ ನಿಂತ.

"ಬಾಯಿಗೆ ಏನಾದ್ರೂ ತಗೊಂಡ್ರಾ ಅಮ್ಮಾ?"

"ಇಲ್ಲ."

ಸುಳ್ಳಲ್ಲ. ಅಪ್ಪ ಹೇಳುತ್ತಿದ್ದ — ಅಗಿದು ನುಂಗಿದರೆ ಊಟ, ನಾಲಿಗೆಗೆ ತಾಗಿಸಿದರೆ ಕೆಲಸ. ನಾನು ಊಟ ಮಾಡಿಲ್ಲ.

ಡಿಸೆಂಬರ್ 3

ಮನೆ. ಒಂದು ಟ್ಯೂಬ್ ತೆಗೆದರು, ಇನ್ನೊಂದು ಹೊಟ್ಟೆಯಲ್ಲೇ ಇದೆ. ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡುತ್ತೇನೆ. ಶುಯ್-ಮೂ "ಹೊಸ ಪರ್ಸ್ ಚೆನ್ನಾಗಿದೆ" ಅಂತ ರೇಗಿಸಿದ. ನಕ್ಕರೆ ಹೊಲಿಗೆ ಎಳೆಯುತ್ತದೆ, ಅದಕ್ಕೇ ನಗಿಸುತ್ತಾನೆ.

ಕೈಕಾಲು ಕಡ್ಡಿಯಾಗಿವೆ. ಲೊವಾನ್ ದಿನಾ ಗಾಯ ತೊಳೆದು ಬಟ್ಟೆ ಕಟ್ಟುತ್ತಾಳೆ. ಅಸಹ್ಯಪಡುವುದಿಲ್ಲ. ಅದು ಮಾತ್ರ ಒಪ್ಪಬೇಕು.

ಜನವರಿ 14

ಕೊನೆಯ ಟ್ಯೂಬೂ ಹೋಯಿತು. ಸೋರುವುದು ನಿಂತಿದೆ. ಹಬ್ಬ ಮಾಡಬೇಕು ಅನ್ನುವಷ್ಟರಲ್ಲಿ ಇನ್ನೊಂದು. ತಿಂದದ್ದೆಲ್ಲ ಹಾಗೇ ಹೋಗುತ್ತದೆ. ಕಕ್ಕಸಿನಲ್ಲಿ ಎಣ್ಣೆ ತೇಲುತ್ತದೆ, ಎಷ್ಟು ನೀರು ಹಾಕಿದರೂ ಹೋಗುವುದಿಲ್ಲ. ಬರೆಯಲು ನಾಚಿಕೆ. ಇರಲಿ, ಯಾರು ಓದುತ್ತಾರೆ.

ಶುಗರ್ ಕೂಡ ಏರಿದೆ. ಇನ್ಸುಲಿನ್ ಹುಟ್ಟುತ್ತಿದ್ದುದೂ ಅಲ್ಲೇ ಅಂತೆ, ಆ ಹೋದ ತುಂಡಿನಲ್ಲೇ. ಒಂದು ಹೋದರೆ ಎರಡು ಹೋಯಿತು. ಬೆಳಗ್ಗೆ ಬೆರಳಿಗೆ ಸೂಜಿ, ಆಮೇಲೆ ಹೊಟ್ಟೆಗೆ ಸೂಜಿ.

ಫೆಬ್ರವರಿ 2

ಹೊಸ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಪ್ರತಿ ಊಟದ ಮೊದಲ ತುತ್ತಿನ ಜೊತೆ. ಜಿಡ್ಡು ಜಾಸ್ತಿಯಿದ್ದರೆ ಇನ್ನೊಂದು. ಏನಿದೆ ಇದರೊಳಗೆ ಅಂತ ಫಾನ್‌ನನ್ನು ಕೇಳಿದೆ.

"ಹಂದಿಯ ಮೇದೋಜೀರಕದ ಸತ್ವ."

ನಕ್ಕುಬಿಟ್ಟೆ. ಅವನೂ ನಕ್ಕ, ಮೊದಲ ಸಲ. ಅಡುಗೆಯವರು ತಿಂದು ಮುಗಿಸುತ್ತಿದ್ದ ತುಂಡು ಈಗ ನನ್ನ ಅನ್ನ ಅರಗಿಸಬೇಕು. ಮಾಡಿದ್ದುಣ್ಣೋ ಮಾರಾಯ.

ಕೆಲಸ ಮಾಡುತ್ತದೆ. ಎಣ್ಣೆ ನಿಂತಿತು. ಕೆನ್ನೆ ಸ್ವಲ್ಪ ತುಂಬಿದೆ.

ಮಾರ್ಚ್ 15

ಒಲೆಯ ಮುಂದೆ ನಿಂತೆ! ನಮ್ಮೂರಲ್ಲೇ, ನೇಯ್‌ಮೆನ್‌ನಲ್ಲಿ, ಮದುವೆಯ ಊಟ. ಸ್ಟೂಲ್ ಹಾಕಿಕೊಂಡು ಕೂತು, ನಡುನಡುವೆ ಎದ್ದು. ಆಳುಗಳು "ಅಕ್ಕ ಬಂದ್ರು, ಅಕ್ಕ ಬಂದ್ರು" ಅಂತ ಸೌಟು ಬಡಿದರು. ಕಣ್ಣಲ್ಲಿ ನೀರು ಬಂತು. ಹೊಗೆ ಅಂತ ಹೇಳಿದೆ.

ನಾನಿಲ್ಲದ ತಿಂಗಳುಗಳಲ್ಲಿ ಲೊವಾನ್, ಆ-ಕಾಯ್ ಸಣ್ಣಪುಟ್ಟ ಊಟ ಮಾತ್ರ ಒಪ್ಪಿಕೊಂಡಿದ್ದರು. ಈಗ ದೊಡ್ಡವೂ ಬರುತ್ತಿವೆ. ಮಾಂಸ ಬೇಯಿಸಿ ಜಾಡಿಗೆ ತುಂಬಿ ಬಡಿಸುವ ಜಾಡಿ ಸಾರು, ಏಡಿ ಅನ್ನ, ಹಂದಿ ತೊಡೆಯ ಗ್ರೇವಿ — ಎಲ್ಲ ಪಾತ್ರೆಗೂ ನನ್ನ ಸೌಟು. ಮೊದಲಿಗಿಂತ ಸಪ್ಪೆ ಮಾಡಿಬಿಟ್ಟಿದ್ದಾರೆ ಇವರು. ಎಲ್ಲಕ್ಕೂ ಉಪ್ಪು ಏರಿಸಿ ಸರಿಮಾಡಿದೆ.

ಮದುವೆ ಮನೆಯ ಯಜಮಾನ ಬಂದು ಕೈಹಿಡಿದು ಹೊಗಳಿದ. ಬೀ-ಶಿಯಾ ಅಕ್ಕನ ಕೈ ಅಂದರೆ ಕೈ ಅಂದ. ಮನೆಗೆ ಬಂದು ಅಪ್ಪನ ಪಟಕ್ಕೆ ಊದುಕಡ್ಡಿ ಹಚ್ಚಿ ಹೇಳಿದೆ.

ಮೇ 20

ಮತ್ತೆ ಪ್ಯಾಂಟು ಜಾರುತ್ತಿದೆ. ಎಣ್ಣೆಯೂ ಮರಳಿ ಬಂತು. ಕ್ಯಾಪ್ಸೂಲ್ ತಪ್ಪಿಸಿಲ್ಲ, ಮೂರು ಹೊತ್ತೂ ತಗೊಳ್ಳುತ್ತಿದ್ದೇನೆ. ಕೆಲಸವಿದ್ದ ಮರುದಿನ ಮಂಚ ಬಿಟ್ಟು ಏಳಲಾಗುವುದಿಲ್ಲ.

ಜೂನ್ 27

ಫಾನ್ ತಲೆ ಕೆರೆದುಕೊಂಡ. ಶುಗರ್ ಒಂದು ದಿನ ಸರಿ, ಒಂದು ದಿನ ಆಕಾಶಕ್ಕೆ. ಕ್ಯಾಪ್ಸೂಲ್ ಜಾಸ್ತಿ ಮಾಡಿದ. ಸ್ಕ್ಯಾನ್ ಮಾಡಿಸಿದ, ಒಳಗೆ ಹೊಸದೇನೂ ಇಲ್ಲ.

"ಊಟದ ನಡುವೆ ಏನಾದ್ರೂ ತಿಂತೀರಾ?"

"ಇಲ್ಲಪ್ಪ. ಕೆಲಸದ ದಿನ ಊಟಾನೇ ಸರಿಯಾಗಿ ಮಾಡಲ್ಲ."

"ಹೀಗೇ ಇಳೀತಾ ಹೋದ್ರೆ ಕೆಲಸ ಬಿಡಬೇಕಾಗುತ್ತೆ ಅಮ್ಮಾ. ತಮಾಷೆ ಅಲ್ಲ ಇದು."

ಬಿಟ್ಟು ಏನು ಮಾಡಲಿ? ಒಲೆಯ ಮುಂದೆ ಇಪ್ಪತ್ತೆಂಟು ವರ್ಷ ನಿಂತಿದ್ದೇನೆ. ಬೇರೆ ಯಾರಾಗಿರಲೂ ನನಗೆ ಬರುವುದಿಲ್ಲ.

ಆಗಸ್ಟ್ 25

ಪ್ರೇತಗಳ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಪಾತ್ರೆಗಳೆಲ್ಲ ಬೋರಲು ಬಿದ್ದಿವೆ. ಮನೆಯಲ್ಲಿ ಕೂತು ಗಂಜಿ, ಬೇಯಿಸಿದ ಸೊಪ್ಪು, ಮೀನು.

ತಪಾಸಣೆಗೆ ಹೋದೆವು. ತೂಕ ಏರಿದೆ! ಶುಗರ್ ಹಳಿಗೆ ಬಂದಿದೆ. ಫಾನ್ ಕಾಗದ ತಿರುಗಿಸಿ ತಿರುಗಿಸಿ ನೋಡಿದ.

"ಈ ತಿಂಗಳು ಏನು ಬದಲಾಯಿಸಿದ್ರಿ?"

"ಏನಿಲ್ಲ. ಕೆಲಸ ಇಲ್ಲ ಅಷ್ಟೆ. ಪ್ರೇತಗಳು ಓಡಾಡೋವಾಗ ಯಾರು ಮದುವೆ ಆಗ್ತಾರೆ?"

ಶುಯ್-ಮೂಗೆ ಬಾಯಿ ಸುಮ್ಮನಿರಬೇಕಲ್ಲ. "ಒಲೆ ಮುಂದೆ ನಿಂತ್ರೆ ಇಡೀ ದಿನ ಸೌಟು ಇವಳ ಬಾಯಲ್ಲೇ ಇರುತ್ತೆ ಡಾಕ್ಟ್ರೇ. ಈಗ ಆ ಕಾಟ ಇಲ್ಲ" ಅಂದ.

ಫಾನ್ ಪೆನ್ನು ಕೆಳಗಿಟ್ಟ. ಯಾವ ಸಾರು, ಎಷ್ಟು ಸಲ, ಜಿಡ್ಡೆಷ್ಟು, ಸಕ್ಕರೆಯೆಷ್ಟು — ಪೊಲೀಸಿನವನ ಹಾಗೆ ಕೇಳಿದ. ಜಾಡಿ ಸಾರು ಒಲೆ ಹತ್ತಿದಾಗಿನಿಂದ ಇಳಿಯುವ ತನಕ. ತೊಡೆಯ ಗ್ರೇವಿ ಕುದಿ ಕುದಿಗೂ. ಸಿಹಿ ಪಾಯಸ ಬೇರೆ.

"ಅದಕ್ಕೆ ಕ್ಯಾಪ್ಸೂಲ್ ತಗೊಂಡ್ರಾ?"

"ಯಾಕೆ ತಗೋಬೇಕು? ರುಚಿ ನೋಡೋದು ಊಟ ಅಲ್ಲ ಡಾಕ್ಟ್ರೇ. ಕೆಲಸ."

"ಅಮ್ಮಾ, ಅದು ನಿಮ್ಮ ಕರುಳಿಗೆ ಗೊತ್ತಿಲ್ಲ."

ಅವನಿಗೆ ಸಿಟ್ಟು ಬಂದಿತ್ತು, ತೋರಿಸಿಕೊಳ್ಳಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಆಸ್ಪತ್ರೆಯ ಆ ಕೋಳಿ ಸಾರನ್ನೂ ಶುಯ್-ಮೂ ಒಪ್ಪಿಕೊಂಡ, ದಡ್ಡ.

ಮೂರು ದಾರಿ ಹೇಳಿದ. ಕೆಲಸದ ದಿನ ಉದ್ದಕ್ಕೂ ಲೆಕ್ಕ ಹಾಕಿ ಕ್ಯಾಪ್ಸೂಲ್, ಇನ್ಸುಲಿನ್ ತಗೊಳ್ಳುವುದು. ಇಲ್ಲ, ನಾಲಿಗೆಗೆ ಹಾಕಿ ಉಗಿಯುವುದು. ಇಲ್ಲ, ಬೇರೆಯವರು ರುಚಿ ನೋಡುವುದು. ಉಗಿಯುವುದಂತೆ! ರಸ್ತೆ ಬದಿಯ ಒಲೆ, ಊರೆಲ್ಲ ನೋಡುತ್ತಿರುತ್ತದೆ. ಉಗಿಯುವ ಅಡುಗೆಯವಳ ಕೈಯೂಟ ಯಾರು ಉಣ್ಣುತ್ತಾರೆ? ಮೂರನೆಯದರ ಮಾತೇ ಬೇಡ. ಮೊದಲನೆಯದು ಸರಿ.

ಸೆಪ್ಟೆಂಬರ್ 16

ಪೆನ್ನು ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಸಿಟ್ಟಿಗೆ.

ಮಧ್ಯಾಹ್ನದ ಊಟ, ಸ್ಕೂಲಿನ ಮೈದಾನದಲ್ಲಿ. ಜಾಡಿ ಸಾರು ನೋಡಿ, ಉಪ್ಪು ಹಾಕಿ, ಸರಿ ಅಂದು ಮೀನಿನ ಕಡೆ ಹೋದೆ. ಇನ್ಸುಲಿನ್ ಚೀಲ ಮರೆತುಹೋಗಿತ್ತು, ಹಿಂತಿರುಗಿದೆ. ಲೊವಾನ್ ದೊಡ್ಡ ಚೊಂಬಿನಿಂದ ಏನೋ ನನ್ನ ಪಾತ್ರೆಗೆ ಸುರಿಯುತ್ತಿದ್ದಾಳೆ.

"ಏನೇ ಅದು?"

ಬೆಚ್ಚಿದಳು. "ಏನಿಲ್ಲ ಅತ್ತೆ."

"ನನಗೆ ಕಣ್ಣಿದೆ ಕಣೇ. ನನ್ನ ಸಾರಿಗೆ ನೀರು ಸುರೀತಿದ್ದೀಯ."

"ನೀರಲ್ಲ, ಮೂಳೆ ಬೇಯಿಸಿದ ಸಪ್ಪೆ ಸಾರು. ಉಪ್ಪು ಜಾಸ್ತಿ ಆಗಿತ್ತು."

"ನಾನು ಸರಿ ಅಂದ ಮೇಲೆ ಜಾಸ್ತೀನಾ? ಯಾರು ನೀನು ಹೇಳೋಕೆ?"

ತಲೆ ತಗ್ಗಿಸಿದಳು, ಆದರೆ ಚೊಂಬು ಬಿಡಲಿಲ್ಲ. "ಇವತ್ತೊಂದಿನ ಅಲ್ಲ ಅತ್ತೆ. ನೀವು ವಾಪಸ್ ಒಲೆಗೆ ಬಂದಾಗಿನಿಂದ. ಎಲ್ಲದಕ್ಕೂ ಜಾಸ್ತಿ ಹಾಕ್ತೀರ. ಬಾಯಿಗೆ ಇಡೋಕೆ ಆಗಲ್ಲ. ನೀವು ಆ ಕಡೆ ಹೋದ ಮೇಲೆ ನಾನು ಸರಿಮಾಡ್ತೀನಿ."

ಶುಯ್-ಮೂ ಓಡಿ ಬಂದ. "ಕೂಗಾಡಬೇಡ್ವೇ, ಜನ ನೋಡ್ತಾರೆ."

"ನಿಮಗೂ ಗೊತ್ತಿತ್ತಾ?"

ಒಲೆಯ ಉರಿ ನೋಡುತ್ತ ನಿಂತ. ಗೊತ್ತಿತ್ತು. ಆ-ಕಾಯ್‌ಗೂ ಗೊತ್ತಿತ್ತು. ಪಾತ್ರೆ ತೊಳೆಯುವವರಿಗೂ.

ಸೌಟು ಎಸೆದು ಲಾರಿಯಲ್ಲಿ ಹೋಗಿ ಕೂತೆ. ಸಾರು ಮೇಜಿಗೆ ಹೋಯಿತು. ಜನ ಬಟ್ಟಲು ನೆಕ್ಕಿದರು.

ಸೆಪ್ಟೆಂಬರ್ 17

ಮಾರ್ಚ್‌ನಿಂದ ಬಂದ ಹೊಗಳಿಕೆಯೆಲ್ಲ ಅವಳದು. ಅಪ್ಪನಿಗೆ ಊದುಕಡ್ಡಿ ಹಚ್ಚಿ ಹೇಳಿದ್ದೂ ಅವಳದೇ. ನನ್ನ ಕರುಳು ಹಾಳುಮಾಡಿಕೊಂಡು ನೋಡಿದ ರುಚಿ ಯಾರಿಗೂ ಬೇಕಿರಲಿಲ್ಲ. ಹೊಟ್ಟೆ ಉರಿಯುತ್ತಿದೆ. ಉಳಿದಿರುವಷ್ಟು ಹೊಟ್ಟೆ.

ಒಂದು ಮಾತು ಹೇಳಬಾರದಿತ್ತೇ ಇವರು. "ಹೇಳಿದ್ರೆ ನೀನು ಎದ್ದು ನಿಲ್ತಿದ್ಯೇನೇ?" ಅಂದ ಶುಯ್-ಮೂ. "ಆಸ್ಪತ್ರೆಯಿಂದ ಕಡ್ಡಿಯಾಗಿ ಬಂದಿದ್ದೆ. ಸೌಟು ಹಿಡಿದ ಮೇಲೇ ನಿನ್ನ ಮುಖಕ್ಕೆ ಕಳೆ ಬಂದಿದ್ದು. ನಾವೇ ಬೇಡ ಅಂದ್ವಿ, ಅವಳು ಹೇಳ್ತೀನಿ ಅಂತಾನೇ ಇದ್ದಳು." ಆಮೇಲೆ ಗೊಣಗಿದ, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ." ಚಪ್ಪಲಿ ಎಸೆದೆ. ತಾಗಲಿಲ್ಲ.

ಲೊವಾನ್ ತಟ್ಟೆಯ ಪಕ್ಕ ಕ್ಯಾಪ್ಸೂಲ್ ಇಟ್ಟು ಹೋಗುತ್ತಾಳೆ.

ಸೆಪ್ಟೆಂಬರ್ 24

ನಾನೇ ಕರೆದೆ. ಅಡುಗೆಮನೆಯಲ್ಲಿ ಇಬ್ಬರೇ.

"ಮೂರು ಬಟ್ಟಲಲ್ಲಿ ಸಾರು ಹಾಕು. ಒಂದಕ್ಕೆ ಸರಿಯಾದ ಉಪ್ಪು, ಒಂದಕ್ಕೆ ಜಾಸ್ತಿ, ಒಂದಕ್ಕೆ ಕಮ್ಮಿ. ಯಾವುದು ಯಾವುದು ಅಂತ ಹೇಳಬೇಡ."

"ಬೇಡ ಅತ್ತೆ."

"ಹಾಕೇ ಅಂದ್ರೆ."

ಕ್ಯಾಪ್ಸೂಲ್ ನುಂಗಿ, ಒಂದೊಂದೇ ಚಮಚ. ಮತ್ತೆ ಒಂದೊಂದು. ಮೂರೂ ಒಂದೇ. ಬಿಸಿ ಇದೆ, ಜಿಡ್ಡಿದೆ, ಮಿಕ್ಕಿದ್ದೆಲ್ಲ ಒದ್ದೆ ಕಾಗದ. ಕೊನೆಗೆ ನಡುವಿನದಕ್ಕೆ ಬೆರಳು ತೋರಿಸಿದೆ. "ಇದು ಸರಿಯಾಗಿದೆ."

ಅವಳು ಬಟ್ಟಲು ಪಕ್ಕಕ್ಕೆ ಸರಿಸಿದಳು. ಕಣ್ಣು ತುಂಬಿತು. ಅದಕ್ಕೆ ಉಪ್ಪೇ ಹಾಕಿರಲಿಲ್ಲವಂತೆ.

"ಅಳಬೇಡ್ವೇ" ಅಂದೆ. "ಸಾರಿಗೆ ಬಿದ್ದರೆ ಆಮೇಲೆ ಅದಕ್ಕೂ ಉಪ್ಪಾಗುತ್ತೆ."

ನಕ್ಕಳು, ಅತ್ತಳು, ಎರಡೂ. ನಾನು ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತೆ. ಹೊಟ್ಟೆ ಕೊಯ್ದಾಗಲೂ ಇಷ್ಟು ಅನಾಥಳಾಗಿರಲಿಲ್ಲ.

ಅಕ್ಟೋಬರ್ 5

ಫಾನ್‌ಗೆ ಹೇಳಿದೆ. ರಕ್ತ ಪರೀಕ್ಷೆ ಮಾಡಿಸಿದ್ದಾನೆ. ಊಟ ಅರಗದೆ ಮೈಯಲ್ಲಿ ಸತು ಕಮ್ಮಿಯಾಗಿದೆಯಂತೆ, ಅದು ಕಮ್ಮಿಯಾದರೆ ನಾಲಿಗೆ ಜಡವಾಗುತ್ತದೆಯಂತೆ. ಮಾತ್ರೆ ಬರೆದುಕೊಟ್ಟ.

"ರುಚಿ ವಾಪಸ್ ಬರುತ್ತಾ?"

"ಬರಬಹುದು. ತಿಂಗಳುಗಟ್ಟಲೆ ಆಗಬಹುದು. ಮೊದಲಿನಷ್ಟೇ ಬರುತ್ತೆ ಅಂತ ಹೇಳಲಾರೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತು. ಆದರೆ ಮೊದಲ ದಿನದಿಂದ ಅವನು ಸುಳ್ಳು ಹೇಳಿಲ್ಲ.

ಬರುವ ವಾರ ಮುದುಕ ಲಾಯ್ ಮನೆಯ ಮದುವೆ. ಅಪ್ಪನ ಕಾಲದಿಂದ ನಮ್ಮ ಒಲೆಯ ಊಟವೇ ಬೇಕು ಅನ್ನುವವನು. ಹೋಗುವುದೋ ಬೇಡವೋ. ನಾಲಿಗೆ ಇಲ್ಲದ ಮೇಲೆ ನಾನು ಆ ಒಲೆಗೆ ಏನು?

ಅಕ್ಟೋಬರ್ 13, ಮಧ್ಯಾಹ್ನ, ಲಾಯ್ ಮನೆಯ ಡೇರೆಯ ಹಿಂದೆ

ಬೆಳಗ್ಗೆ ಬಂದೆ. ಒಂದು ಪಾತ್ರೆಗೂ ಸೌಟು ಹಾಕಲಿಲ್ಲ. ಉರಿ ನೋಡಿದೆ, ಬಣ್ಣ ನೋಡಿದೆ, ಮೀನಿನ ಕಣ್ಣು ನೋಡಿದೆ, ಆಳುಗಳನ್ನು ಬೈದೆ. ಲೊವಾನ್ ರುಚಿ ನೋಡಿ ಹೇಳಿದಳು. ನನ್ನ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಅಂತ ಇವತ್ತು ಗೊತ್ತಾಯಿತು. ಕೈ ತಾನಾಗಿ ಸೌಟಿಗೆ ಹೋಗುತ್ತದೆ. ಕೈ ಕಟ್ಟಿ ನಿಂತೆ.

ಜಾಡಿ ಸಾರು ಹೋಯಿತು. ಏಡಿ ಅನ್ನ ಹೋಯಿತು. ಕೊನೆಗೆ ಮುದುಕ ಲಾಯ್ ಮೈಕ್ ಹಿಡಿದ, ಗ್ಲಾಸ್ ಇನ್ನೊಂದು ಕೈಯಲ್ಲಿ.

"ಬೀ-ಶಿಯಾ! ಬಾರಮ್ಮಾ ಇಲ್ಲಿ. ಸತ್ತೇ ಹೋದಳು ಅಂದಿದ್ರು ಇವಳನ್ನ. ನೋಡ್ರಪ್ಪಾ! ಇವತ್ತಿನ ಜಾಡಿ ಸಾರು ನಿಮ್ಮಪ್ಪನದಕ್ಕಿಂತ ಒಂದು ಕೈ ಮೇಲೆ ಕಣಮ್ಮಾ."

ಚಪ್ಪಾಳೆ. ಮೈಕ್ ನನ್ನ ಬಾಯಿಗೆ ಹಿಡಿದ. ತಲೆ ಬಗ್ಗಿಸಿ ಬಂದರೆ ಮುಗಿಯುತ್ತಿತ್ತು. ಅಪ್ಪನಿಗಿಂತ ಮೇಲೆ — ಇದೊಂದು ಮಾತಿಗಾಗಿಯೇ ಅಲ್ಲವೇ ಅಷ್ಟು ವರ್ಷ ನಿಂತದ್ದು. ನುಂಗಿಬಿಡಬೇಕು ಅನ್ನಿಸಿತು. ಬಹಳ ಅನ್ನಿಸಿತು.

"ನಾನು ರುಚಿ ನೋಡಿಲ್ಲ" ಅಂದೆ.

"ಏನಂದೆ?" ಅಂದ ಮುದುಕ.

"ಇವತ್ತು ಒಂದು ಪಾತ್ರೆಯೂ ನೋಡಿಲ್ಲ. ನನ್ನ ನಾಲಿಗೆಗೆ ಈಗ ಉಪ್ಪೂ ತಿಳಿಯಲ್ಲ, ಸಪ್ಪೇನೂ ತಿಳಿಯಲ್ಲ. ಮಾರ್ಚ್‌ನಿಂದ ಎಲ್ಲ ಊಟದ ರುಚಿ ನೋಡಿದ್ದು ನನ್ನ ಸೊಸೆ. ಲೊವಾನ್ ಅಂತ."

ಮುಂದಿನ ಮೇಜಿನಿಂದ ಯಾವನೋ, "ಆ ವಿಯೆಟ್ನಾಮಿನವಳಾ?"

"ಹೂಂ ಕಣಯ್ಯಾ. ಮೂರು ಸಲ ಹಾಕಿಸಿಕೊಂಡೆಯಲ್ಲ, ಆಗ ಕೇಳಬೇಕಿತ್ತು."

ಮೊದಲು ನಕ್ಕವನು ಅವನೇ. ಆಮೇಲೆ ಎಲ್ಲರೂ. ಲಾಯ್ ಒಲೆಯ ಕಡೆ ತಿರುಗಿ ಗ್ಲಾಸ್ ಎತ್ತಿ "ಲೊವಾನ್!" ಅಂತ ಕೂಗಿದ. ಹೆಸರು ತಪ್ಪುತಪ್ಪಾಗಿ ಬಂತು. ಇಡೀ ಡೇರೆ ಕೂಗಿತು. ಏಪ್ರನ್‌ನಲ್ಲೇ ಬಂದಳು, ಮುಖ ಕೆಂಪಗೆ, ಕೈ ಎಲ್ಲಿಡಬೇಕು ಗೊತ್ತಾಗದೆ. ಮುದುಕನಿಗಿಂತ ಮೊದಲು ನನಗೆ ತಲೆ ಬಗ್ಗಿಸಿದಳು.

ಅವಳನ್ನು ಅಲ್ಲೇ ಬಿಟ್ಟು ಇಲ್ಲಿ ಬಂದು ಕೂತಿದ್ದೇನೆ, ಎಣ್ಣೆ ಡಬ್ಬದ ಮೇಲೆ. ಅತ್ತುಬಿಟ್ಟೆ. ಸಂತೋಷಕ್ಕೆ ಅಂತ ಬರೆದರೆ ಸುಳ್ಳು. ನೋವಾಯಿತು. ಅರ್ಧ ಮೇದೋಜೀರಕ ಹೋದಾಗ ಮಲಗಿಸಿ, ಪ್ರಜ್ಞೆ ತಪ್ಪಿಸಿ ತೆಗೆದರು. ಇದನ್ನು ನಾನೇ ನಿಂತು ಕೈಯಾರೆ ತೆಗೆದುಕೊಟ್ಟೆ.

ಈಗ ಬಂದಿದ್ದಾಳೆ. ಮಿಕ್ಕಿದ್ದೆಲ್ಲ ಕೂಡಿಸಿ ಕುದಿಸಿದ ಸಾರನ್ನು ಜನಕ್ಕೆ ಮನೆಗೆ ಕಟ್ಟಿಕೊಡಬೇಕು, ಕಾಯುತ್ತಿದ್ದಾರೆ.

"ಅತ್ತೆ, ಸ್ವಲ್ಪ ಸಪ್ಪೆ ಇದೆ."

"ಹಾಕು ಮತ್ತೆ. ನನ್ನನ್ಯಾಕೆ ಕೇಳ್ತೀಯ?"

"ಎಷ್ಟು ಕಮ್ಮಿ ಅಂತ ನನ್ನ ನಾಲಿಗೆಗೆ ಗೊತ್ತಾಗುತ್ತೆ. ಇಷ್ಟು ದೊಡ್ಡ ಹಂಡೆಗೆ ಎಷ್ಟು ಹಿಡಿ ಅಂತ ಕೈಗೆ ಗೊತ್ತಾಗಲ್ಲ. ನಾನು ಹಾಕಿದ್ರೆ ಒಂದೋ ಜಾಸ್ತಿ, ಒಂದೋ ಕಮ್ಮಿ. ನೀವೇ ಬಂದು ಹಾಕಿ."

ಉಪ್ಪಿನ ಡಬ್ಬ ಹಿಡಿದುಕೊಂಡು ನಿಂತೇ ಇದ್ದಾಳೆ. ನಾನು ಏಳುವ ತನಕ ಹೋಗುವವಳಲ್ಲ. ಅಂಗೈ ಒರೆಸಿಕೊಂಡೆ, ಬಲಗೈ ಒದ್ದೆಯಿದ್ದರೆ ಉಪ್ಪು ಅಂಟುತ್ತದೆ, ಆಗ ಅಳತೆ ತಪ್ಪುತ್ತದೆ. ಹೋಗುತ್ತೇನೆ.